ಮಾಸ್ತರರ ಚೀಲಕ್ಕೊಂದು ಲ್ಯಾಪ್‌ಟಾಪ್: ರಾಯಚೂರಿನ ಒಂದು ಪ್ರಕರಣ

ಲಿಂಗಸುಗೂರು ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಮಾಸ್ತರರು. ವಯಸ್ಸು ಅರವತ್ತು ದಾಟಿದೆ. ಊರೂರು ತಿರುಗಿ ತತ್ವಪದ, ಸೋಬಾನೆ ಪದ, ಮೊಹರಂನಲ್ಲಿ ಹಾಡುವ ಅಲಾಯಿ ಪದ ಕೂಡಿಸುವುದು ಅವರ ಕೆಲಸ. ಇದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಪಿಂಚಣಿಯಲ್ಲೇ ಬಸ್ ಚಾರ್ಜು, ಚಹಾ ಖರ್ಚು ಎಲ್ಲಾ ನಡೆಯಬೇಕು. ಇಷ್ಟು ದಿನ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಮನೆಯ ಹಳೆ ಡೆಸ್ಕ್‌ಟಾಪ್‌ನಲ್ಲಿ ಟೈಪ್ ಮಾಡುತ್ತಿದ್ದರು. ಇದರಲ್ಲಿ ಒಂದು ತೊಡಕಿತ್ತು. ಹಾಡುವ ಅಜ್ಜಿಯ ಎದುರೇ ಕೂತು ಬರೆದುಕೊಂಡರೆ ಅರ್ಥವಾಗದ ಮಾತನ್ನು ಅಲ್ಲೇ ಕೇಳಬಹುದು. ಮನೆಗೆ ಬಂದ ಮೇಲೆ ಕೇಳಲು ಅಜ್ಜಿ ಎಲ್ಲಿ ಸಿಗುತ್ತಾಳೆ? ಮತ್ತೆ ಬಸ್ ಹತ್ತಬೇಕು.

ಹಾಗಾಗಿ ಜೊತೆಗೆ ಒಯ್ಯುವಂಥ ಒಂದು ಕಂಪ್ಯೂಟರ್ ಬೇಕಾಯಿತು. ಎಲ್ಲಾ ಸೇರಿ 20,000 ರೂಪಾಯಿ ಮೀರಬಾರದು. ನಾನು ರಾಯಚೂರಿನಲ್ಲಿ ಕಂಪ್ಯೂಟರ್ ಮಾರಾಟ, ರಿಪೇರಿ ಮಾಡುವವನು, ಜೊತೆಗೆ ಅವರ ಹಳೆ ವಿದ್ಯಾರ್ಥಿ. ಆದ್ದರಿಂದ ಈ ಹೊಣೆ ನನ್ನ ಮೇಲೆ ಬಿತ್ತು.

ಇಂಥ ಗಿರಾಕಿ ಬಂದರೆ ನಮ್ಮ ಧಂದೆಯಲ್ಲಿ ಒಂದು ರೆಡಿ ಉತ್ತರ ಇದೆ. ‘ಸಣ್ಣ ಕೆಲಸ ಅಲ್ವಾ, ಸಣ್ಣ ಪ್ರೊಸೆಸರ್ ಸಾಕು’ ಅಂತ ಅತಿ ಅಗ್ಗದ ಹೊಸ ಲ್ಯಾಪ್‌ಟಾಪ್ ಕೈಗಿಟ್ಟು ಕಳಿಸುವುದು. ನನ್ನ ಅನುಭವದಲ್ಲಿ ಪ್ರೊಸೆಸರ್ ನೋಡಬೇಕಾದದ್ದು ಕೊನೆಗೆ. ಅವರ ಹತ್ತಿರ ಈಗಾಗಲೇ ಯಾವ ಫೈಲುಗಳಿವೆ, ಬೆರಳು ಯಾವ ಕೀಲಿಮಣೆಗೆ ಒಗ್ಗಿದೆ, ಕಣ್ಣು ಹೇಗಿದೆ, ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಈ ಪ್ರಕರಣ ಬಗೆಹರಿದದ್ದೂ ಆ ದಾರಿಯಲ್ಲೇ.

ಕೇಳಿದ್ದು, ನೋಡಿದ್ದು

"ಏನೇನು ಬೇಕು ಹೇಳ್ರಿ ಸರ್" ಅಂದೆ.

"ನನಗೇನು ಭಾಳ ಬ್ಯಾಡ ತಮ್ಮಾ. ಬರೀಲಿಕ್ಕ ಬರಬೇಕು, ಹಾಡು ಕೇಳ್ಲಿಕ್ಕ ಬರಬೇಕು. ಚೀಲದಾಗ ಹಿಡೀಬೇಕು. ತೊಡಿ ಮ್ಯಾಲೆ ಇಟ್ಕೊಂಡ್ರ ಸುಡಬಾರದು."

ಕೇಳಲು ಸರಳವಾಗಿತ್ತು. ಆದರೂ ಅವರ ಮನೆಗೆ ಹೋಗಿ ಡೆಸ್ಕ್‌ಟಾಪ್ ತೆಗೆದು ನೋಡಿದೆ. ಗಿರಾಕಿ ಬಾಯಲ್ಲಿ ಹೇಳುವುದಕ್ಕಿಂತ ಅವರ ಕಂಪ್ಯೂಟರ್ ಜಾಸ್ತಿ ಹೇಳುತ್ತದೆ. ಅಲ್ಲಿ ವರ್ಷಗಟ್ಟಲೆ ಟೈಪ್ ಮಾಡಿದ ಪದಗಳ ರಾಶಿ ಇತ್ತು. ಬಹುಪಾಲು ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ವರ್ಡ್ ಫೈಲುಗಳಲ್ಲಿ. ಇತ್ತೀಚಿನ ಸ್ವಲ್ಪ ಮಾತ್ರ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಈಗಿನ ಪದ್ಧತಿಯಲ್ಲಿ ಇದ್ದವು.

ಹಳೆ ನುಡಿ ಫೈಲಿನ ಕಷ್ಟ ಗೊತ್ತಿಲ್ಲದವರಿಗೆ ಎರಡು ಮಾತು. ಆ ಕಾಲದ ಆಸ್ಕಿ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಕನ್ನಡ ಅಕ್ಷರ ಅನ್ನುವುದೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಲು ಸಾಧನಗಳಿವೆ, ಬಿಟ್ಟಿಯಾಗಿಯೂ ಸಿಗುತ್ತವೆ. ಆದರೆ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಉದಾಹರಣೆಗೆ ‘ಸೂರ್ಯ’ ತಗೊಳ್ಳಿ. ಹಳೆ ಫಾಂಟಿನಲ್ಲಿ ಅರ್ಕಾವೊತ್ತು ‘ಯ’ ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಿ ‘ರ್’ ಮೊದಲು, ‘ಯ’ ಆಮೇಲೆ. ಪರಿವರ್ತಕ ಈ ಎರಡನ್ನೂ ಅದಲುಬದಲು ಮಾಡಲೇಬೇಕು. ಮಧ್ಯದಲ್ಲಿ ಒಂದು ಇಂಗ್ಲಿಷ್ ಹೆಸರೋ, ಬ್ರಾಕೆಟ್ಟೋ ಬಂದರೆ ಅದನ್ನೂ ಕನ್ನಡದ ಚೂರು ಅಂತಲೇ ತಿಳಿದು ಏನೇನೋ ಮಾಡಿಬಿಡುತ್ತದೆ. ಅದಕ್ಕೇ ಪರಿವರ್ತನೆ ಆದ ಮೇಲೆ ಸಾಲು ಸಾಲು ಓದಿ ತಿದ್ದಬೇಕು. ಅಷ್ಟು ಮುಗಿಯುವವರೆಗೆ ಮೂಲ ಫೈಲು ತೆರೆಯುವ ವ್ಯವಸ್ಥೆ ಕೈಯಲ್ಲಿರಲೇಬೇಕು.

ಎರಡನೆಯದು ಬೆರಳು. ಮಾಸ್ತರರು ಕಲಿತದ್ದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಸರ್ಕಾರ ಒಪ್ಪಿದ್ದೂ ಅದನ್ನೇ, ನುಡಿಯಲ್ಲಿರುವುದೂ ಅದೇ. ಅದರಲ್ಲಿ ‘ಕನ್ನಡ’ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ ಮುಗಿಯಿತು. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೀಲಿ. ಅವರು ಕೀಲಿ ನೋಡದೆ, ಹಾಡಿನ ಓಟಕ್ಕೆ ಸರಿಯಾಗಿ ಹೊಡೆಯುತ್ತಾರೆ. ನಮ್ಮಂಥವರು ಫೋನಿನಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ ಕನ್ನಡ ಬರಿಸುತ್ತೇವಲ್ಲ, ಆ ರೀತಿ ಅವರ ಕೈಗೆ ಬರುವುದಿಲ್ಲ. ಈ ವಯಸ್ಸಿನಲ್ಲಿ ಬದಲಿಸಿಕೊಳ್ಳಿ ಅಂತ ಹೇಳುವುದೂ ಸರಿಯಲ್ಲ. ವಿಂಡೋಸ್ 10ಕ್ಕೆ 2019ರಲ್ಲಿ ಬಂದ ಕನ್ನಡ ಫೊನೆಟಿಕ್ ಕೀಲಿಮಣೆಯೂ ಇಂಗ್ಲಿಷ್ ಸ್ಪೆಲ್ಲಿಂಗ್ ದಾರಿಯದ್ದೇ.

ಮೂರನೆಯದು ಕಣ್ಣು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣಗೆ ಕೂರುತ್ತವೆ. ‘ಥ’ ಮತ್ತು ‘ಧ’, ‘ಪ’ ಮತ್ತು ‘ಷ’ ನಡುವಿನ ವ್ಯತ್ಯಾಸ ಒಂದು ಚುಕ್ಕಿ ಇಲ್ಲವೇ ಒಂದು ಗೆರೆ. ಕನ್ನಡಕ ಹಾಕಿದವರಿಗೆ ಪರದೆ ಮಸುಕಾದರೆ ದಿನವೆಲ್ಲಾ ಹಿಂಸೆ.

ನಾಲ್ಕನೆಯದು ಕರೆಂಟು, ಅದರ ಜೊತೆಗೇ ಬಿಸಿಲು. ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟ್‌ನ ಶಾಖೋತ್ಪನ್ನ ಸ್ಥಾವರ ಇದೆ. ಆದರೂ ಹಳ್ಳಿಯ ಕಟ್ಟೆ ಮೇಲೆ, ಮಠದ ಪಡಸಾಲೆಯಲ್ಲಿ ಕೂತಾಗ ಪ್ಲಗ್ ಸಿಗುತ್ತದೆ ಅಂತ ನಂಬಿ ಹೋಗಲು ಬರುವುದಿಲ್ಲ. ಸಿಕ್ಕರೂ ಅದರಲ್ಲಿ ಕರೆಂಟ್ ಇರಬೇಕಲ್ಲ! ಏಪ್ರಿಲ್, ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್‌ಗಳನ್ನು ಬಳಸಬಹುದಾದ ಸುತ್ತಲಿನ ಉಷ್ಣತೆ ಅಂತ ಕಂಪನಿಗಳು ಕೈಪಿಡಿಯಲ್ಲಿ ಬರೆಯುವುದು ಬಹಳ ಕಡೆ 35 ಡಿಗ್ರಿವರೆಗೆ. ಅಂದರೆ ನಮ್ಮ ಬೇಸಿಗೆಯೇ ಆ ಲೆಕ್ಕದಾಚೆ.

ಮುಂದಿದ್ದ ದಾರಿಗಳು

ಎಲ್ಲಕ್ಕಿಂತ ಅಗ್ಗದ ದಾರಿ ಹೊಸದೇನೂ ಕೊಳ್ಳದೆ ಇರುವುದು. ಫೋನಿಗೆ ಒಂದು ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ. ತೋರಿಸಿದೆ. ಅಷ್ಟು ಸಣ್ಣ ಪರದೆಯಲ್ಲಿ ಒತ್ತಕ್ಷರ ಕಾಣಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಹಾಡು ಆಡುತ್ತಿರುವುದೂ ಬರೆಯುತ್ತಿರುವುದೂ ಒಂದೇ ಫೋನಿನಲ್ಲಿ. ಮಧ್ಯದಲ್ಲಿ ಒಂದು ಕಾಲ್ ಬಂದರೆ ಎರಡೂ ನಿಲ್ಲುತ್ತವೆ.

ಟ್ಯಾಬ್ಲೆಟ್ ಪರದೆಯ ಸಮಸ್ಯೆ ಬಗೆಹರಿಸುತ್ತದೆ. ಆದರೆ ತೊಡೆಯ ಮೇಲೆ ಇಟ್ಟರೆ ಕೀಬೋರ್ಡ್ ಮೇಲೆ ನಿಲ್ಲುವುದಿಲ್ಲ, ಮೇಜು ಬೇಕು. ಹಳ್ಳಿ ಕಟ್ಟೆ ಮೇಲೆ ಮೇಜು ಎಲ್ಲಿಂದ ತರುವುದು?

ಆಂಡ್ರಾಯ್ಡ್ ಮೂಲದ ಅಗ್ಗದ ಲ್ಯಾಪ್‌ಟಾಪ್‌ಗಳು ಈಚೆಗೆ ಬಂದಿವೆ. ಜಿಯೋಬುಕ್ 2023ರಲ್ಲಿ 16,499 ರೂಪಾಯಿಗೆ ಬಂದಿತ್ತು. 11.6 ಇಂಚು ಪರದೆ, ಒಂದು ಕಿಲೋಗಿಂತ ತುಸು ಕಡಿಮೆ ತೂಕ, ಒಳಗೇ 4ಜಿ ಸಿಮ್. ಪಯಣಕ್ಕೆ ಹೇಳಿ ಮಾಡಿಸಿದ ಹಾಗಿದೆ, ನಿಜ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಮೇಲೆ ಓಡುವ ಕ್ರೋಮ್‌ಬುಕ್ ಇನ್ನೂ ಪಕ್ಕಾ. 2021ರಿಂದ ಈಚೆಗೆ ಬಂದ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಹೇಳಿದೆ. ಬೇಗ ಎದ್ದು ಕೂರುತ್ತದೆ, ವೈರಸ್ ಗಲಾಟೆ ಇಲ್ಲ. ಹೊಸದಾಗಿ ಬರೆಯಲು ಶುರು ಮಾಡುವವರಾಗಿದ್ದರೆ ನಾನು ಕ್ರೋಮ್‌ಬುಕ್ಕನ್ನೇ ಕೊಡುತ್ತಿದ್ದೆ. ಮಾಸ್ತರರ ನುಡಿ ಫೈಲುಗಳ ಮುಂದೆ ಇವೆರಡೂ ಸೋತವು. ನುಡಿ ವಿಂಡೋಸ್‌ನಲ್ಲಿ ಓಡುವ ತಂತ್ರಾಂಶ.

ವಿಂಡೋಸ್ ಬದಲು ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಕಡಿಮೆ ಮೆಮೊರಿಯಲ್ಲೂ ಹಗುರವಾಗಿ ಓಡುತ್ತದೆ. ಅದರಲ್ಲಿ ಮಾಸ್ತರರ ಕೀಲಿಮಣೆ ವಿನ್ಯಾಸವೂ ಕೆಜಿಪಿ ಅನ್ನುವ ಹೆಸರಲ್ಲಿ ಸಿಗುತ್ತದೆ, ವರ್ಡ್‌ನಂಥ ಲಿಬ್ರೆ ಆಫೀಸ್ ಬಿಟ್ಟಿ. ಆದರೆ ಲಿಂಗಸುಗೂರಿನಲ್ಲಿ ರಾತ್ರಿ ಎಂಟಕ್ಕೆ ಏನಾದರೂ ಕೈಕೊಟ್ಟರೆ ಪಕ್ಕದ ಮನೆ ಹುಡುಗ ಬಂದು ನೋಡಬೇಕು. ಆ ಹುಡುಗನಿಗೆ ಗೊತ್ತಿರುವುದು ವಿಂಡೋಸ್. ಅಲ್ಲಿಗೆ ನನ್ನ ಪಕ್ಷಪಾತವನ್ನು ಮಡಚಿಟ್ಟೆ.

ಉಳಿದದ್ದು ಎರಡು. ಒಂದು, ಸಣ್ಣ ಪ್ರೊಸೆಸರ್‌ನ ಹೊಸ ವಿಂಡೋಸ್ ಲ್ಯಾಪ್‌ಟಾಪ್. ಇನ್ನೊಂದು, ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟದ್ದನ್ನು ಸರಿಮಾಡಿ ಮಾರುವ ರಿಫರ್ಬಿಷ್ಡ್ ಲ್ಯಾಪ್‌ಟಾಪ್. ಇಲ್ಲಿ ಮಾಸ್ತರರ ಮಗ ಬೆಂಗಳೂರಿನಿಂದ ಫೋನ್ ಮಾಡಿದ.

"ಅಣ್ಣಾ, ಅಪ್ಪಾಜಿಗೆ ಸೆಕೆಂಡ್ ಹ್ಯಾಂಡ್ ಯಾಕ? ಹೊಸದ ಕೊಡಸ್ರಿ, ವಾರಂಟಿನಾದ್ರೂ ಇರ್ತದ."

ಅವನ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅಂತಾಯಿತು.

ಸಣ್ಣ ಪ್ರೊಸೆಸರ್, ದೊಡ್ಡ ಪ್ರೊಸೆಸರ್

2007ರಲ್ಲಿ ಏಸಸ್ ಕಂಪನಿಯ ಈಈಈ ಪಿಸಿ ಬಂದಾಗ ಸಣ್ಣ ಪ್ರೊಸೆಸರ್‌ನ ಅಗ್ಗದ ಯಂತ್ರಗಳಿಗೆ ನೆಟ್‌ಬುಕ್ ಅನ್ನುತ್ತಿದ್ದರು. ಏಳು ಇಂಚಿನ ಪರದೆ, ಅಂಗೈ ಅಗಲದ ಕೀಬೋರ್ಡು. ಮರುವರ್ಷ ಇಂಟೆಲ್ ಆಟಮ್ ಚಿಪ್ ಬಂತು, ಮಾರುಕಟ್ಟೆ ತುಂಬಾ ನೆಟ್‌ಬುಕ್ಕೇ. ಟ್ಯಾಬ್ಲೆಟ್‌ಗಳು ಬಂದ ಮೇಲೆ ಆ ಹೆಸರು ಹೋಯಿತು, ಸಣ್ಣ ಚಿಪ್‌ಗಳ ಸಾಲು ಉಳಿಯಿತು. ಸೆಲೆರಾನ್ ಎನ್4020, ಎನ್4500, 2023ರಲ್ಲಿ ಬಂದ ಎನ್100 ಎಲ್ಲಾ ಅದೇ ಮನೆತನದವು. ಮೂರಕ್ಕೂ 6 ವಾಟ್ ಅಂತ ಬರೆದಿರುತ್ತದೆ. ಮೊದಲಿನ ಎರಡರಲ್ಲಿ 2 ಕೋರ್ (ಲೆಕ್ಕ ಮಾಡುವ ಘಟಕ), ಎನ್100ರಲ್ಲಿ 4. ಹೆಸರು ಹತ್ತಿರ ಹತ್ತಿರ ಇದ್ದರೂ ಎನ್100 ಬಹಳ ಮುಂದಿದೆ. ಕೊಳ್ಳುವಾಗ ಈ ಒಂದು ಅಂಕಿ ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಎನ್4020 ಇದ್ದ ಒಂದು ಯಂತ್ರ ಇತ್ತು. ಮೆಮೊರಿ 4 ಜಿಬಿ, ಸಂಗ್ರಹ 64 ಜಿಬಿ ಇಎಂಎಂಸಿ. ಅದನ್ನೇ ಕೆಲವು ದಿನ ಬಳಸಿ ನೋಡಿ ಅಂತ ಮಾಸ್ತರರಿಗೆ ಕೊಟ್ಟೆ. ಮುದಗಲ್ಲಿಗೆ ಹೋಗುವವರಿದ್ದರು. ಅಲ್ಲಿನ ಮೊಹರಂ ದೊಡ್ಡ ಹೆಸರಿನದು, ಪದ ಹಾಡುವವರೂ ಸುತ್ತಲ ಊರುಗಳಲ್ಲಿ ಬೇಕಾದಷ್ಟು.

ವಾಪಸ್ ಬಂದು ಅವರು ಹೇಳಿದ್ದು: "ಹಗುರ ಐತಿ, ಸದ್ದಿಲ್ಲ, ಸುಡಂಗಿಲ್ಲ. ಆದ್ರ ಹಾಡು ಹಚ್ಚಿ ವರ್ಡ್ ತೆಗದ್ರ ವಿಚಾರ ಮಾಡಕೋತ ಕುಂದ್ರತದ."

ವಿಚಾರ ಮಾಡುತ್ತಾ ಕೂರುವುದಕ್ಕೆ ಕಾರಣ ಪ್ರೊಸೆಸರ್ ಒಂದೇ ಅಲ್ಲ. ವಿಂಡೋಸ್ 11 ಎದ್ದು ಕೂರುವಷ್ಟರಲ್ಲೇ 4 ಜಿಬಿಯ ಮುಕ್ಕಾಲು ಪಾಲು ಹೋಗಿರುತ್ತದೆ. ಉಳಿದ ಕೆಲಸಕ್ಕೆ ಜಾಗ ಸಾಲದೆ ಅದು ಡಿಸ್ಕಿನಲ್ಲಿ ಸಾಮಾನು ಇಡುತ್ತಾ ತೆಗೆಯುತ್ತಾ ಇರುತ್ತದೆ. ಆ ಡಿಸ್ಕೋ ಇಎಂಎಂಸಿ. ಫೋನುಗಳಲ್ಲಿ ಇರುವಂಥ ಸಂಗ್ರಹ ಅದು, ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಅದರ ಗರಿಷ್ಠ ವೇಗವೇ ಸೆಕೆಂಡಿಗೆ 400 ಎಂಬಿ, ಸಣ್ಣ ಸಣ್ಣ ಫೈಲುಗಳ ಕೆಲಸದಲ್ಲಿ ಅದರ ಹತ್ತಿರವೂ ಬರುವುದಿಲ್ಲ. ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಸಂಗ್ರಹ 64 ಜಿಬಿ. ಅಂದರೆ ಈ ಯಂತ್ರ ಕನಿಷ್ಠದ ಗೆರೆ ಮೇಲೇ ನಿಂತಿದೆ. ಒಂದು ದೊಡ್ಡ ಅಪ್‌ಡೇಟ್ ಬಂದರೆ ‘ಜಾಗ ಇಲ್ಲ’ ಅಂತ ಕೂಗುತ್ತದೆ.

ಮಾಸ್ತರರ ಫೋನು ಧ್ವನಿಯನ್ನು ಒತ್ತಿ ಸಣ್ಣದು ಮಾಡಿ ಉಳಿಸುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ನಂತೆ ಹಿಡಿದರೆ ಒಂದು ಗಂಟೆಯ ಹಾಡಿಗೆ ಸುಮಾರು 58 ಎಂಬಿ. ಅದೇ ಹಾಡನ್ನು ಒತ್ತದೆ, ಸಿಡಿ ಗುಣಮಟ್ಟದಲ್ಲಿ ಇಟ್ಟರೆ ಗಂಟೆಗೆ 635 ಎಂಬಿ. ಮುಂದೊಂದು ದಿನ ಯಾವುದಾದರೂ ವಿಶ್ವವಿದ್ಯಾಲಯ ಕೇಳಿದರೆ ಕೊಡಲು ಎರಡನೆಯ ರೀತಿಯಲ್ಲೇ ಇಡಬೇಕು ಅನ್ನುವುದು ಅವರ ಆಸೆ. ಆಗ 64 ಜಿಬಿಯಲ್ಲಿ ವಿಂಡೋಸ್ ತಿಂದು ಉಳಿದ ಜಾಗ ಏನಕ್ಕೂ ಸಾಲದು.

ಎನ್100, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ (ಇಎಂಎಂಸಿಗಿಂತ ವೇಗದ ಸಂಗ್ರಹ) ಇರುವ ಹೊಸದು ಸಿಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆಗ ಸಿಕ್ಕ ನಂಬಿಕೆಯ ಬ್ರ್ಯಾಂಡಿನವು ಬಜೆಟ್ ಮೀರಿದ್ದವು. ಬಜೆಟ್‌ನೊಳಗೆ ಇದ್ದವು ಹೆಸರು ಕೇಳದ ಬ್ರ್ಯಾಂಡುಗಳು. ಅವುಗಳ ಬ್ಯಾಟರಿ, ಕೀಬೋರ್ಡ್ ಹಾಳಾದರೆ ಬಿಡಿಭಾಗ ನನಗೇ ಸಿಗುವುದಿಲ್ಲ. ಅಷ್ಟಲ್ಲದೆ 15.6 ಇಂಚಿನವೇ ಜಾಸ್ತಿ. ಕೆಕೆಆರ್‌ಟಿಸಿ ಬಸ್ಸಿನ ಸೀಟಿನಲ್ಲಿ ಅದನ್ನು ಬಿಚ್ಚಿದರೆ ಮುಂದಿನ ಸೀಟಿನವರ ಬೆನ್ನಿಗೆ ತಾಗುತ್ತದೆ.

ಇನ್ನು ರಿಫರ್ಬಿಷ್ಡ್. ನಮ್ಮೂರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ರಾಯಚೂರಿನ ಅಂಗಡಿಗಳವರು ಸಾಮಾನು ತರಲು ಸಿಕಂದರಾಬಾದ್‌ನ ಸಿಟಿಸಿಗೆ, ಅಂದರೆ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗುವುದು ಹಳೆ ರೂಢಿ. ಕಚೇರಿಗಳಿಗೆಂದೇ ಮಾಡಿದ 12.5 ಇಂಚಿನ ಯಂತ್ರ ಒಂದನ್ನು ನೋಡಿದೆ. ಇಂಟೆಲ್‌ನ ಎಂಟನೇ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ಮೆಮೊರಿ, 256 ಜಿಬಿ ಎಸ್‌ಎಸ್‌ಡಿ. ತೂಕ ಒಂದೂಕಾಲು ಕಿಲೋ ಆಸುಪಾಸು. ಟೈಪ್ ಸಿ ಕಿಂಡಿಯಲ್ಲೇ ಚಾರ್ಜ್ ಆಗುತ್ತದೆ.

ಎಂಟನೇ ತಲೆಮಾರು ಅಂತ ಒತ್ತಿ ಹೇಳಲು ಕಾರಣ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮುಂದಿನವನ್ನು ಮಾತ್ರ. ಆರು, ಏಳನೇ ತಲೆಮಾರಿನವು ಈಗ ಬಹಳ ಅಗ್ಗಕ್ಕೆ ಹರಿದುಬರುತ್ತಿವೆ. ಯಾಕೆ ಅಗ್ಗ ಅಂತ ಮಾರುವವರು ತಾವಾಗಿ ಹೇಳುವುದಿಲ್ಲ.

ಇಲ್ಲಿ ಮಗ ಒಂದು ಒಳ್ಳೆ ಪ್ರಶ್ನೆ ಕೇಳಿದ. "ಐ5ಗೆ 15 ವಾಟ್ ಅಂತ ಬರದಾರ, ಸೆಲೆರಾನ್‌ಗೆ 6. ಹಂಗಾದ್ರ ಬ್ಯಾಟರಿ ಅರ್ಧಕ್ಕ ಖಾಲಿ ಆಗಂಗಿಲ್ಲೇನು?"

ಬಹಳ ಜನ ಹೀಗೇ ಲೆಕ್ಕ ಹಾಕುತ್ತಾರೆ. ಆ ವಾಟ್ ಚಿಪ್ ಬಿಡುವಿಲ್ಲದೆ ದುಡಿಯುವಾಗ ಹೊರಹಾಕುವ ಶಾಖದ ಅಳತೆ, ಅದಕ್ಕೆ ತಕ್ಕ ತಂಪಿನ ವ್ಯವಸ್ಥೆ ಮಾಡಲಿ ಅಂತ ಕೊಡುವುದು. ಟೈಪ್ ಮಾಡುವಾಗ ಚಿಪ್ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತದೆ. ಎರಡು ಕೀಲಿಗಳ ನಡುವಿನ ಬಿಡುವು ಅದಕ್ಕೆ ದೊಡ್ಡ ರಜೆ. ಆಗ ಬ್ಯಾಟರಿ ಕುಡಿಯುವುದರಲ್ಲಿ ಪರದೆಯ ಬೆಳಕಿನದೇ ದೊಡ್ಡ ಪಾಲು, ಆಮೇಲೆ ವೈಫೈ. ಟೈಪ್ ಸಿ ವಾಟ್ ಮೀಟರ್ ಇಟ್ಟು ನೋಡಿದೆ. ಬ್ಯಾಟರಿ ಪೂರ್ತಿ ತುಂಬಿಸಿ, ಪರದೆ ಬೆಳಕು ಅರ್ಧಕ್ಕಿಟ್ಟು, ಹಾಡು ಹಚ್ಚಿ ವರ್ಡ್‌ನಲ್ಲಿ ಬರೆದಾಗ ಐ5 ಯಂತ್ರ 6ರಿಂದ 8 ವಾಟ್ ನಡುವೆ ಇತ್ತು. ಸೆಲೆರಾನ್ ಯಂತ್ರ 5ರಿಂದ 6. ವ್ಯತ್ಯಾಸ ಇದೆ, ಆದರೆ ಎರಡೂವರೆ ಪಟ್ಟಿನದಲ್ಲ. 42 ವಾಟ್ ಅವರ್ ಬ್ಯಾಟರಿಯನ್ನು 7ರಿಂದ ಭಾಗಿಸಿ. ಆರು ಗಂಟೆ ಬರುತ್ತದೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವವರು ಆರು ಗಂಟೆ ಒಂದೇ ಸಮನೆ ಟೈಪ್ ಮಾಡುವುದಿಲ್ಲ.

ಕೊಂಡದ್ದು, ಪರೀಕ್ಷೆ ಮಾಡಿದ್ದು

ಯಂತ್ರಕ್ಕೆ 14,500 ರೂಪಾಯಿ ಆಯಿತು. ಬಿಲ್ಲು ಜಿಎಸ್‌ಟಿ ಸಮೇತ, ವಾರಂಟಿ ಆರು ತಿಂಗಳು. ಕೊಳ್ಳುವ ಮುಂಚೆ ಮಾಡಿದ ಪರೀಕ್ಷೆಗಳನ್ನು ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಮೊದಲು ವಿಂಡೋಸ್ ಪೂರ್ತಿ ರೀಸೆಟ್ ಮಾಡಿಸಿ, ಇಂಟರ್ನೆಟ್ ಜೋಡಿಸಿದೆ. ಕೆಲವು ಯಂತ್ರಗಳು ಹಳೆ ಕಂಪನಿಯ ಲೆಕ್ಕದಲ್ಲೇ ನೋಂದಣಿಯಾಗಿ ಉಳಿದಿರುತ್ತವೆ. ರೀಸೆಟ್ ಮಾಡಿ ನೆಟ್ ಕೊಟ್ಟ ತಕ್ಷಣ ಆ ಕಂಪನಿಯ ಇಮೇಲ್ ಹಾಕು ಅಂತ ಕೇಳುತ್ತವೆ. ಅಂಥದ್ದು ಕೈಗೆ ಬಂದರೆ ಇಟ್ಟಿಗೆಗೆ ಸಮ. ನೆಟ್ ಕೊಡದೆ ತೋರಿಸಿದರೆ ಇದು ಗೊತ್ತೇ ಆಗುವುದಿಲ್ಲ. ಆಮೇಲೆ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್‌ಗೆ, ಪಾಸ್‌ವರ್ಡ್ ಇಲ್ಲ ಅಂತ ಖಾತ್ರಿ ಮಾಡಿಕೊಂಡೆ. ಎಸ್‌ಎಸ್‌ಡಿ ಆರೋಗ್ಯ ನೋಡಿದೆ.

ಕೀಬೋರ್ಡ್ ಪರೀಕ್ಷೆಗೆ ಮಾಸ್ತರರನ್ನೇ ಕೂರಿಸಿದೆ. ಎಲ್ಲರೂ ಒಂದೊಂದೇ ಕೀಲಿ ಒತ್ತಿ ನೋಡುತ್ತಾರೆ. ಇವರು ಜಗನ್ನಾಥದಾಸರ ಒಂದು ಪದವನ್ನು ಬಾಯಿಪಾಠದಿಂದ ಪೂರ್ತಿ ಹೊಡೆದರು. ಮಾನ್ವಿಯ ದಾಸರ ಪದದಿಂದ ಶುರುವಾದರೆ ಒಳ್ಳೆಯದು ಅನ್ನುವುದು ಅವರ ಲೆಕ್ಕ. ನನ್ನ ಕಣ್ಣು ಎಫ್ ಕೀಲಿ ಮೇಲಿತ್ತು. ಇಂಗ್ಲಿಷ್ ಟೈಪ್ ಮಾಡಿದವರ ಕೈಯಲ್ಲಿ ಅದು ಅಷ್ಟು ಸವೆದಿರುವುದಿಲ್ಲ. ಇನ್ನು ಮುಂದೆ ಅದಕ್ಕೇ ಏಟು ಜಾಸ್ತಿ.

ಬ್ಯಾಟರಿಯ ಕಥೆ ಬೇರೆ. ವಿಂಡೋಸ್‌ನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಯುವ ಸೌಲಭ್ಯ ಇದೆ. ಅದರಲ್ಲಿ ಬ್ಯಾಟರಿ ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಇರುತ್ತದೆ. ಇದರದ್ದು 42 ವಾಟ್ ಅವರ್‌ನಿಂದ ಸುಮಾರು 24ಕ್ಕೆ ಇಳಿದಿತ್ತು. ಮಾರುವವರು ‘ಮೂರು ಗಂಟೆ ಬರುತ್ತದೆ’ ಅಂದಿದ್ದು ಸುಳ್ಳೇನಲ್ಲ. ಆದರೆ ಮೂರು ಗಂಟೆ ನಮಗೆ ಸಾಲದು. ಹೊಸ ಬ್ಯಾಟರಿಗೆ 2,800 ರೂಪಾಯಿ, 65 ವಾಟ್ ಟೈಪ್ ಸಿ ಚಾರ್ಜರ್‌ಗೆ 1,300. ಒಟ್ಟು 18,600. ರಿಫರ್ಬಿಷ್ಡ್ ಕೊಳ್ಳುವವರು ಬ್ಯಾಟರಿ ಖರ್ಚನ್ನು ಮೊದಲೇ ಬೆಲೆಗೆ ಸೇರಿಸಿ ನೋಡಬೇಕು. ಆಗಲೂ ಹೊಸದಕ್ಕಿಂತ ಕಡಿಮೆ ಆದರೆ ಮಾತ್ರ ವ್ಯಾಪಾರ.

ಹಳೆ ನುಡಿ ವಿಂಡೋಸ್ 11ರಲ್ಲಿ ಓಡುತ್ತದೋ ಇಲ್ಲವೋ ಅಂತ ಅನುಮಾನ ಇತ್ತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೆ ಓಡಿತು. ಹೊಸ ಬರವಣಿಗೆ ಎಲ್ಲಾ ಯೂನಿಕೋಡ್‌ನಲ್ಲೇ, ಹಳೆಯದನ್ನು ತೆರೆಯಲು ಮಾತ್ರ ಹಳೆ ಫಾಂಟು ಅಂತ ಮಾತಾಯಿತು. ವಿನ್ಯಾಸ ಎರಡಕ್ಕೂ ಒಂದೇ ಇರುವುದರಿಂದ ಅವರ ಬೆರಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಾಡು ಕೇಳಲು ವಿಎಲ್‌ಸಿ ಹಾಕಿಕೊಟ್ಟೆ. ಅದರಲ್ಲಿ ವೇಗ ತಗ್ಗಿಸಬಹುದು. ಮುಕ್ಕಾಲು ವೇಗಕ್ಕಿಟ್ಟರೆ ಅಜ್ಜಿಯರ ಓಟದ ಪದವೂ ಅಕ್ಷರ ಅಕ್ಷರ ಕೇಳುತ್ತದೆ.

ಆರು ತಿಂಗಳ ಮೇಲೆ

ಕೆಲಸ ನಡೆದಿದೆ. ಹಾಡಿದವರ ಎದುರೇ ಕೂತು ಬರೆದು, ಅವರಿಗೇ ಓದಿ ಹೇಳಿ ತಿದ್ದಿಸಿಕೊಳ್ಳುತ್ತಾರೆ. ಬೇಕಾಗಿದ್ದುದೇ ಅದು. ನಿಧಾನ ಅನ್ನುವ ದೂರು ಬಂದಿಲ್ಲ.

ಬೇರೆ ದೂರುಗಳಿವೆ. ಬಯಲಲ್ಲಿ ಪರದೆ ಕಾಣುವುದಿಲ್ಲ. ಈ ಸಾಲಿನ ಹಳೆ ಯಂತ್ರಗಳ ಪರದೆ ಒಳಾಂಗಣಕ್ಕೆ ಮಾಡಿದ್ದು, ಬೆಳಕು ಪೂರ್ತಿ ಏರಿಸಿದರೂ ನಮ್ಮ ಬಿಸಿಲಿಗೆ ಸೋಲುತ್ತದೆ. ಪೂರ್ತಿ ಏರಿಸಿದರೆ ಬ್ಯಾಟರಿಯೂ ಬೇಗ ಇಳಿಯುತ್ತದೆ. ಅವರು ಪಡಸಾಲೆ ಹುಡುಕಿ ಕೂರುತ್ತಾರೆ. ಬಿಳಿ ಪುಟ, ಕಪ್ಪು ಅಕ್ಷರ, ಜೂಮ್ 140ಕ್ಕೆ ಇಟ್ಟುಕೊಂಡರೆ ಒತ್ತಕ್ಷರ ಸ್ಪಷ್ಟ.

ಎರಡನೆಯದು ಫ್ಯಾನು. ಸೆಲೆರಾನ್ ಯಂತ್ರದಲ್ಲಿ ಫ್ಯಾನೇ ಇರಲಿಲ್ಲ. ಇದರಲ್ಲಿ ಇದೆ. ಫ್ಯಾನ್ ಇದ್ದಲ್ಲಿ ಧೂಳು ಬಂದೇ ಬರುತ್ತದೆ, ಅದೂ ನಮ್ಮ ಎರೆ ಮಣ್ಣಿನ ಧೂಳು. ಒಂದು ಸಲ ಬಿಚ್ಚಿ ಒರೆಸಿ ಕೊಟ್ಟಿದ್ದೇನೆ. ಬೇಸಿಗೆಯಲ್ಲಿ ತೊಡೆ ಮೇಲೆ ಇಟ್ಟರೆ ಬೆಚ್ಚಗಾಗುತ್ತದೆ ಅಂದರು. ಒಂದು ತೆಳು ಪ್ಲೈವುಡ್ ಹಲಗೆ ಕೊಟ್ಟೆ. ಗಾಳಿ ಒಳಗೆ ಹೋಗುವ ಕಿಂಡಿ ಕೆಳಗಿರುವುದರಿಂದ ಪಂಚೆ ಮೇಲಿಟ್ಟರೆ ಅದು ಮುಚ್ಚಿಹೋಗುತ್ತದೆ. ಸುಡುವುದಕ್ಕೆ ಅರ್ಧ ಕಾರಣ ಅದೇ. ಪ್ರೊಸೆಸರ್ ಪೂರ್ತಿ ವೇಗಕ್ಕೆ ಏರದ ಹಾಗೆ ವಿಂಡೋಸ್‌ನಲ್ಲಿ ಮಿತಿಯನ್ನೂ ಹಾಕಿಟ್ಟಿದ್ದೇನೆ. ಟೈಪ್ ಮಾಡುವವರಿಗೆ ಆ ವೇಗ ಬೇಕಾಗಿಲ್ಲ.

ಚಾರ್ಜು ಶೇಕಡಾ 80ಕ್ಕೆ ನಿಲ್ಲುವ ಹಾಗೆ ಬಯೋಸ್‌ನಲ್ಲಿ ಹೊಂದಿಸಿದ್ದೇನೆ. ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿಸುತ್ತಾರೆ. ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿ, ಅದೇ ಹೊತ್ತಿಗೆ ಬಿಸಿಯಲ್ಲೂ ಇದ್ದರೆ ಬೇಗ ಮುದಿಯಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ ಅಂತ ಮಾಸ್ತರರಿಗಿಂತ ಹೆಚ್ಚಾಗಿ ಅವರನ್ನು ಕರೆದೊಯ್ಯುವ ಹುಡುಗರಿಗೆ ಹೇಳಿದ್ದೇನೆ.

ಫೈಲುಗಳ ನಕಲು ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಗೂಗಲ್ ಡ್ರೈವ್‌ನ ಬಿಟ್ಟಿ 15 ಜಿಬಿಯಲ್ಲಿ. ಬರಹ ಮಾತ್ರ ಡ್ರೈವ್‌ಗೆ. ದೊಡ್ಡ ಧ್ವನಿ ಫೈಲು ಹಾಕಿದರೆ ಅದು ಬೇಗ ತುಂಬಿಬಿಡುತ್ತದೆ.

ಇದನ್ನು ಕೇಳಿದ ಸಿಂಧನೂರಿನ ಒಬ್ಬರು ತಮ್ಮ ಮಗಳಿಗೂ ಇಂಥದ್ದೇ ಬೇಕು ಅಂದರು. ಅವಳು ಡಿಗ್ರಿ ಓದುವವಳು, ಬೇಕಾದದ್ದು ಆನ್‌ಲೈನ್ ಕ್ಲಾಸು, ನೋಟ್ಸು, ಪಿಡಿಎಫ್. ಹಳೆ ಫೈಲು ಒಂದೂ ಇಲ್ಲ. ನುಡಿ ಹೆಸರೇ ಕೇಳಿಲ್ಲ, ಫೋನಿನ ರೀತಿಯಲ್ಲೇ ಕನ್ನಡ ಬರೆಯುತ್ತಾಳೆ. ಹಾಸ್ಟೆಲಿನಲ್ಲಿ ಪ್ಲಗ್ ಇದೆ. ಅವಳಿಗೆ ಕ್ರೋಮ್‌ಬುಕ್ ಸಾಕು ಅಂದೆ. "ಮಾಸ್ತರರಿಗೆ ಐ5, ನಮ್ಮ ಹುಡುಗಿಗೆ ಯಾಕ ಕಮ್ಮಿದು?" ಅಂತ ಅವರಿಗೆ ಸ್ವಲ್ಪ ಬೇಸರವೇ ಆಯಿತು. ಅದೇ ತಿಂಗಳು ರಸಗೊಬ್ಬರದ ಅಂಗಡಿಯವರೊಬ್ಬರು ಬಂದಿದ್ದರು. ಅವರಿಗೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬೇಕು, ಅದು ಕ್ರೋಮ್‌ಬುಕ್ಕಿನಲ್ಲಿ ಓಡುವುದಿಲ್ಲ. ಯಂತ್ರ ಅಂಗಡಿ ಬಿಟ್ಟು ಕದಲುವುದೂ ಇಲ್ಲ. ಅವರಿಗೆ ಹಗುರದ್ದೂ ಬೇಡ, ಬ್ಯಾಟರಿಗೆ ಬೇರೆ ಖರ್ಚೂ ಬೇಡ ಅಂತ 14 ಇಂಚಿನ ಹಳೆಯದನ್ನೇ ಕೊಟ್ಟೆ.

ಮಾಸ್ತರರದ್ದು ಬಾಕಿ ಇರುವುದು ಪವರ್ ಬ್ಯಾಂಕ್. ಎರಡು ದಿನ ಉಳಿಯುವ ಊರುಗಳಿಗೆ ಅದು ಬೇಕು. ಫೋನಿಗೆ ಕೊಂಡ 20,000 ಎಂಎಎಚ್‌ದು ಅವರ ಹತ್ತಿರ ಇದೆ. ಲೆಕ್ಕದಲ್ಲಿ ಅದು 74 ವಾಟ್ ಅವರ್, ನಮ್ಮ ಬ್ಯಾಟರಿಗಿಂತ ದೊಡ್ಡದು. ಆದರೂ ಇದಕ್ಕೆ ಚಾರ್ಜ್ ಕೊಡುವುದಿಲ್ಲ, ಅದು ಹೊರಗೆ ಕೊಡುವುದು 18 ವಾಟ್ ಮಾತ್ರ. ಟೈಪ್ ಸಿಯಲ್ಲಿ 20 ವೋಲ್ಟ್, 45 ವಾಟ್ ಕೊಡುವ ಪಿಡಿ (ಪವರ್ ಡೆಲಿವರಿ) ಪವರ್ ಬ್ಯಾಂಕ್ ಬೇಕು. ಅದರ ಬೆಲೆ ಕೇಳಿ, "ಇದಕ್ಕಿಂತ ಇನ್ನೊಂದು ಬ್ಯಾಟರಿನ ಅಗ್ಗ ಅಲ್ಲೇನಪಾ" ಅಂದರು. ಈ ಯಂತ್ರದ ಬ್ಯಾಟರಿ ತಿರುಪು ಬಿಚ್ಚಿ ತೆಗೆಯುವಂಥದ್ದು, ಊರಲ್ಲಿ ಬದಲಿಸಲು ಬರುವುದಿಲ್ಲ ಅಂತ ತಿಳಿಸಿ ಹೇಳಿದ್ದೇನೆ. ಮೊಹರಂಗೆ ಮುಂಚೆ ನೋಡೋಣ ಅಂದಿದ್ದಾರೆ.